ನನ್ನ ಕೈಯಾರೆ ನೀಡಿದ ರೊಟ್ಟಿ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಮದುವೆಯಾಗಿ ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಬೌದ್ಧ ಭಿಕ್ಷುವೊಬ್ಬರು ಉಳಿದಿದ್ದಾರೆ, ಜಾತಿ ಕೇಳದೆ ಎಲ್ಲರನ್ನೂ ಒಳಗೆ ಕೂರಿಸಿಕೊಂಡು ಬುದ್ಧನ ಮಾತು ಹೇಳುತ್ತಾರೆ ಎಂಬ ಸುದ್ದಿ ನಮ್ಮ ಕೇರಿಗೂ ಬಂತು. ಹೋಗಿ ನೋಡಲೇಬೇಕೆಂದು ನಾನು ಹಟ ಹಿಡಿದೆ.

"ಒಳಗ ಕೂಡಸ್ತಾರ, ಖರೇ. ನಮ್ಮ ರೊಟ್ಟಿ ತಿಂತಾರೇನು? ಅದನ್ನ ನೋಡೂಣು ನಡಿ" ಎಂದರು ನಮ್ಮತ್ತೆ.

ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ. ರೊಟ್ಟಿ ಬಡಿಯುವುದರಲ್ಲಿ ನನ್ನನ್ನು ಮೀರಿಸುವವರು ಕೇರಿಯಲ್ಲಿ ಇರಲಿಲ್ಲ. ಈಗಲೂ ಇಲ್ಲ ಬಿಡಿ.

ನಾವು ಹೋದಾಗ ಪಡಸಾಲೆಯಲ್ಲಿ ಒಂದಷ್ಟು ಜನ ಚಾಪೆಯ ಮೇಲೆ ಕೂತಿದ್ದರು. ಕಾವಿ ಹೊದ್ದ ಭಿಕ್ಷು ಪಾತ್ರೆ ಮುಂದಿಟ್ಟುಕೊಂಡು ಊಟಕ್ಕೆ ಕೂತಿದ್ದರು. ನಾವು ಪೇಟೆಯಲ್ಲಿ ಕಸಬರಿಗೆ ಮಾರುವಾಗಲೂ ಅದನ್ನು ನೆಲಕ್ಕಿಟ್ಟು ಹಿಂದೆ ಸರಿಯಬೇಕಿತ್ತು. ಕೊಳ್ಳುವವರು ನಮ್ಮ ಕೈ ತಾಗದಂತೆ ಎತ್ತಿಕೊಳ್ಳುತ್ತಿದ್ದರು. ಅದೇ ರೂಢಿಯಲ್ಲಿ ಬುತ್ತಿಯ ಗಂಟು ಬಿಚ್ಚಿ ಭಿಕ್ಷುವಿನ ಮುಂದೆ ಇಟ್ಟು, ಬಾಗಿಲ ತನಕ ಹಿಂದೆ ಸರಿದು ನಿಂತೆ.

ಅವರು ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಮುಟ್ಟಲಿಲ್ಲ.

"ನಾ ಹೇಳಿದ್ನಿಲ್ಲ? ನಡಿ ಮನಿಗೆ" ಎಂದು ಅತ್ತೆ ನನ್ನ ರಟ್ಟೆ ಹಿಡಿದರು. ಹಾಗೇ ಹೊರಟುಬಿಡುವವಳಲ್ಲ ನಾನು. "ಯಾಕ್ರೀ ಅಜ್ಜಾರ, ನಮ್ಮ ರೊಟ್ಟಿ ನಿಮಗ ನಡಿಯಂಗಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟೆ.

ಪಡಸಾಲೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಭಿಕ್ಷುವಿನ ಸೇವೆಗೆ ನಿಂತಿದ್ದ ಮುದುಕರೊಬ್ಬರು ನಕ್ಕರು. "ಸಿಟ್ಟಾಗಬ್ಯಾಡ ತಂಗಿ. ನೆಲಕ್ಕಿಟ್ಟಿದ್ದನ್ನ ಇವರು ತಾವಾಗಿ ತಗೊಂಡು ತಿನ್ನಂಗಿಲ್ಲ. ಕೈಯಾರೆ ನೀಡಬೇಕು, ಅದು ಇವರ ನೇಮ. ಮಧ್ಯಾಹ್ನ ದಾಟಿದ್ರ ಊಟಾನೂ ಇಲ್ಲ. ಲಗೂ ನೀಡವಾ."

"ಹಂಗಾರ ನೀವ ನೀಡ್ರಿ ಕಾಕಾ" ಎಂದು ಬಾಗಿಲಲ್ಲೇ ನಿಂತೆ.

"ಮಾಡಿದಾಕಿ ನೀ. ನಾ ಯಾಕ ನೀಡ್ಲಿ?"

ಅಷ್ಟರಲ್ಲಿ ಭಿಕ್ಷು ಎರಡೂ ಕೈಯಿಂದ ಪಾತ್ರೆ ಎತ್ತಿ ನನ್ನ ಕಡೆ ಚಾಚಿದರು. ಹತ್ತಿರ ಹೋಗಿ ಗಂಟಿನಿಂದ ರೊಟ್ಟಿ ಎತ್ತಿ ಪಾತ್ರೆಗೆ ಹಾಕಿದೆ. ಕಣ್ಣು ಮಂಜಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ದಡದಡ ಒಳಗೆ ಬಂದು, "ಸರಿ ಅತ್ತಾಗ, ಪಲ್ಯಾ ನಾ ನೀಡ್ತೇನಿ!" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದರು.

ಭಿಕ್ಷು ಎಲ್ಲರೆದುರು ಉಂಡರು. ನಾವಿಬ್ಬರೂ ಚಾಪೆಯ ಮೇಲೆ ಕೂತು ನೋಡಿದೆವು. ಅಂದು ಹೇಳಿದ ಬುದ್ಧನ ಮಾತುಗಳಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಆದರೆ ಆ ಊಟ ನೆನೆದರೆ ಈಗಲೂ ಎದೆ ಉಬ್ಬುತ್ತದೆ.

ಮರುದಿನದಿಂದ ಕಸಬರಿಗೆಯನ್ನು ನಾನು ನೆಲಕ್ಕಿಡಲಿಲ್ಲ. ಬೇಕಾದವರು ನನ್ನ ಕೈಯಿಂದಲೇ ತೆಗೆದುಕೊಂಡರು. ಕೆಲವರು ನನ್ನ ಹತ್ತಿರ ಕೊಳ್ಳುವುದನ್ನೇ ಬಿಟ್ಟರು. ಬಿಡಲಿ.