ಎರಡು ಅಳತೆಯ ರವಿಕೆ

ನಮ್ಮ ಸೋದರತ್ತೆಯ ಬಲಭುಜ ಎಡಭುಜಕ್ಕಿಂತ ಮೂರು ಬೆರಳು ಮೇಲಿತ್ತು. ಬೆನ್ನುಮೂಳೆ ನಡುವೆ ಬಾಗಿ, ಬಲಗಡೆ ಬೆನ್ನು ಉಬ್ಬಿಕೊಂಡಿತ್ತು. ಕೋಡಿಹಳ್ಳಿಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು. ರವಿಕೆಗೆ ಯಾರೇ ಬರಲಿ, ಎರಡೂ ಭುಜಕ್ಕೆ ಬೇರೆ ಬೇರೆ ಟೇಪು ಹಿಡಿಯುವಳು. "ದೇವ್ರು ಯಾರ್ಗೂ ಎರಡ್ ಕಡೆನೂ ಸಮ ಮಾಡಿಲ್ಲ ಕಣವ್ವ. ನಂದು ಒಸಿ ಕಾಣ್ತದೆ ಅಷ್ಟೇಯ" ಎನ್ನುವಳು.

ಹದಿಮೂರಕ್ಕೆ ನನ್ನ ಬೆನ್ನೂ ಬಾಗತೊಡಗಿತು. ಎಕ್ಸ್‌ರೇ ನೋಡಿದ ಕನಕಪುರದ ಡಾಕ್ಟರು, ಇದು ವಂಶದಲ್ಲಿ ಇಳಿದು ಬರುವುದುಂಟು ಎಂದರು. ಅಮ್ಮ ಮಾತ್ರ, ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದನ್ನೇ ನೆನೆದು ಅಳುತ್ತಿದ್ದಳು. ಅತ್ತೆಗೆ ರೇಗಿತು. "ನಮ್ಮಪ್ಪಂಗಿತ್ತು, ನಂಗೈತೆ, ಈಗ ಇವ್ಳಿಗೆ ಬಂದದೆ. ಗ್ರಹಣದ ಮ್ಯಾಲ್ಯಾಕೆ ಗೂಬೆ ಕೂರುಸ್ತೀಯ ಅತ್ಗೆ?"

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದು ಗೊತ್ತಾದಾಗ, ಅಮ್ಮ ರವಿಕೆ ಬಟ್ಟೆಯ ಜೊತೆ ಒಂದು ಹಿಡಿ ಹತ್ತಿಯನ್ನೂ ಅತ್ತೆಯ ಬಳಿಗೆ ಒಯ್ದಳು. ತಗ್ಗಾದ ಎಡಭುಜದೊಳಗೆ ತುಂಬಿ ಹೊಲಿದರೆ ಬೆನ್ನು ಬಾಗಿದ್ದು ಕಾಣುವುದಿಲ್ಲ ಎಂದು ಅವಳ ಲೆಕ್ಕ. ಅತ್ತೆ ಹತ್ತಿಯನ್ನು ಬೀದಿಗೆಸೆದಳು.

"ನನ್ನೂ ಹಿಂಗೇ ಹತ್ತಿ ತುಂಬಿ ಮದ್ವೆ ಮಾಡುದ್ರಿ. ಮೂರ್ ದಿನುಕ್ಕೆ ವಾಪಸ್ ಬಂದೆ. ಇವ್ಳನ್ನೂ ಕಳ್ಳಮಾಲ್ ಮಾಡ್ಬ್ಯಾಡ."

ನನ್ನ ಮೈಗೆ ಒಪ್ಪುವ ಹಾಗೆ, ಎರಡು ಅಳತೆಯಲ್ಲೇ ಹೊಲಿದು ಕೊಟ್ಟಳು.

ಆದರೂ ಅಮ್ಮ ನನಗೆ ಸೆರಗು ಹೊದಿಸಿಯೇ ಕೂರಿಸಿದಳು. ಗಂಡಿನ ತಾಯಿ ಕಣ್ಣು ಕಿರಿದು ಮಾಡಿ, "ಹುಡ್ಗಿ ಒಂದ್ ಕಡಿಕ್ಕೆ ವಾಲ್ದಂಗೆ ಕಾಣ್ತಾಳಲ್ಲ?" ಎಂದರು. "ನಾಚ್ಕೆ" ಅಂದಳು ಅಮ್ಮ. ಅತ್ತೆ ಎದ್ದು, ಬಂದವರ ಮುಂದೆ ಬೆನ್ನು ಮಾಡಿ ನಿಂತಳು. "ನಾಚ್ಕೆ ಅಲ್ಲ. ನಮ್ ವಂಸದ ಬೆನ್ನು ಇದು, ಸರ್ಯಾಗ್ ನೋಡ್ಕಳಿ."

ಆಮೇಲೆ ನನ್ನ ಕಡೆ ನೋಡಿದಳು, ಬಾ ಎನ್ನಲಿಲ್ಲ. ಎದ್ದು, ಸೆರಗು ಸರಿಸಿ, ಅವಳ ಪಕ್ಕದಲ್ಲಿ ನಾನೂ ತಿರುಗಿ ನಿಂತೆ.

ಉಪ್ಪಿಟ್ಟು ತಟ್ಟೆಯಲ್ಲೇ ಬಿಟ್ಟು ಹೋದರು. ಅಮ್ಮ ಒಂದು ವರ್ಷ ಅತ್ತೆಯನ್ನು ಮಾತಾಡಿಸಲಿಲ್ಲ. ನನಗೂ ಅವಮಾನವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆವತ್ತಿನಿಂದ ಸೆರಗು ಹೊದ್ದು ಓಡಾಡುವುದನ್ನು ಬಿಟ್ಟೆ. ನನ್ನ ಬೆನ್ನನ್ನು ಹಾಗೆ ನೋಡಿಯೇ ಮದುವೆಯಾದವನ ಜೊತೆ ಈಗ ಬಾಳುತ್ತಿದ್ದೇನೆ.

ಹೋದ ವರ್ಷ ಅತ್ತೆ ತೀರಿಕೊಂಡಳು. ಮೈ ತೊಳೆದು ಮಲಗಿಸಿದ ಹೆಂಗಸರು ಅವಳ ಭುಜಕ್ಕೆ ಕೈ ಹಾಕಿ, "ಒಸಿ ಅದುಮುದ್ರೆ ನೆಟ್ಗಾಯ್ತದೆ" ಎಂದರು. ಆ ಕೈಗಳನ್ನು ಕಿತ್ತು ತೆಗೆದೆ. "ಯಾರೂ ಅದುಮ್ಬ್ಯಾಡಿ. ಹೆಂಗೈತೋ ಹಂಗೇ ಇರ್ಲಿ." ಹಾಗಾದರೆ ಮಣ್ಣಿಗೆ ತೋಡಿದ ಗುಂಡಿ ಸಾಲದು ಎಂದರು ಗಂಡಸರು.

ಅಗಲ ತೋಡಿ ಎಂದೆ. ತೋಡಿದರು.