ನಾಯಿ ಬಿಸ್ಕತ್ತಿನ ಪರೀಕ್ಷೆ

ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ನೀರು ಬೆರೆತಿದೆಯೇ ಎಂದು ಹಾಲಿನ ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ ನೋಡದೆ ಚೊಂಬನ್ನು ಒಳಗೆ ಬಿಡುತ್ತಿರಲಿಲ್ಲ. ಅಂಥವಳ ಮುಂದೆ ಅಪ್ಪ ಒಂದು ದಿನ ನಾಯಿ ಬಿಸ್ಕತ್ತಿನ ಡಬ್ಬಿ ತಂದಿಟ್ಟರು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಸದಾಗಿ ಎದ್ದಿದ್ದ ಕಾಲ. ಅಪ್ಪ ಮಳವಳ್ಳಿಯಲ್ಲಿ ಮೇಷ್ಟ್ರು. ಮದ್ದೂರಿನಲ್ಲಿ ರೈಲಿಳಿದು ಬಂದಿದ್ದ ಮಾರಾಟಗಾರನೊಬ್ಬ, ದೊರೆಗಳ ನಾಯಿಗಳೆಲ್ಲ ಇದನ್ನೇ ತಿನ್ನುತ್ತವೆ ಎಂದು ಅವರ ತಲೆಗೆ ತುಂಬಿದ್ದ.

ಡಬ್ಬಿಯ ಮೇಲಿನ ಇಂಗ್ಲಿಷನ್ನು ಅಪ್ಪ ಓದಿ ಹೇಳಿದರು. ಮಾಂಸದ ಸತ್ವ, ಮೂಳೆಯ ಪುಡಿ, ಮೀನೆಣ್ಣೆ ಎಲ್ಲ ಇದೆಯಂತೆ. ರಕ್ತ ಹೆಚ್ಚುತ್ತದಂತೆ, ಜಂತು ಸಾಯುತ್ತದಂತೆ, ಮರಿ ಹಾಕಿದ ನಾಯಿಗೆ ಹಾಲು ಉಕ್ಕುತ್ತದಂತೆ. ನನಗೆ ಸಂತೆಯಲ್ಲಿ ಹಲ್ಲುನೋವಿಗೂ ಮಂಡಿನೋವಿಗೂ ಒಂದೇ ಎಣ್ಣೆ ಮಾರುವವನ ನೆನಪಾಯಿತು. ಒಂದು ಬಿಸ್ಕತ್ತು ಮುರಿದು ಮೂಸಿದೆ. ಹಳೆ ಗೋಧಿಹಿಟ್ಟಿನ ಮುಗ್ಗಲು ವಾಸನೆ.

"ಮಾಂಸ ಎಲ್ಲಪ್ಪ?" ಎಂದೆ.

"ಸತ್ವ ಅಂದ್ರೆ ಮೂಗಿಗೆ ಸಿಗೋದಲ್ಲ ಕಣಮ್ಮ" ಎಂದರು.

ಹೊಸ ಬಿತ್ತನೆ ಬಂದರೆ ನಮ್ಮ ಕಡೆಯವರು ಹೊಲದ ಒಂದು ಮೂಲೆಗೆ ಮಾತ್ರ ಬಿತ್ತಿ ನೋಡುತ್ತಾರೆ. ನಾನೂ ಹಾಗೇ ಹಟ ಹಿಡಿದೆ. ಮರಿ ಹಾಕಿ ಬಡಕಲಾಗಿದ್ದ ನಮ್ಮ ನಾಯಿಗೆ ಒಂದು ತಿಂಗಳು ರಾಗಿಮುದ್ದೆ ನಿಲ್ಲಿಸಿ ಬರೀ ಬಿಸ್ಕತ್ತು ಹಾಕಬೇಕೆಂದು ಅವ್ವನಿಗೆ ಹೇಳಿದೆ. ತಿಂಗಳು ತುಂಬುವಷ್ಟರಲ್ಲಿ ನಾಯಿ ಮಿರಿಮಿರಿ ಮಿಂಚಿತು, ಮರಿಗಳು ಗುಂಡುಗುಂಡಾದವು. ಅಪ್ಪ ಖುಷಿಯಿಂದ ಇನ್ನೊಂದು ಡಬ್ಬಿ ತರಿಸಿದರು. ನಾನು ಸೋಲೊಪ್ಪಿಕೊಂಡೆ, ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಸಂತೆಗೆ ಬಂದಾಗಲೆಲ್ಲ ನಮ್ಮ ಜಗುಲಿಯಲ್ಲಿ ಕೂತು ಹೋಗುತ್ತಿದ್ದ ಬಂಡೂರಿನ ಹೆಂಗಸೊಬ್ಬಳಿದ್ದಳು. ಕುರಿ ಸಾಕುವವಳು. ಅವಳ ಕುರಿ ಕಾಯುವ ನಾಯಿಯೂ ಆಗಷ್ಟೇ ಮೂರು ಮರಿ ಹಾಕಿ ಸೊರಗಿತ್ತು.

"ನೀನು ಯಾವುದ್ನೂ ಸುಮ್ಕೆ ನಂಬೋಳಲ್ಲ, ನೀನೇ ಏಳವ್ವ. ಈ ಬಿಸ್ಕತ್ತು ಕೊಡ್ಬೋದಾ?" ಎಂದಳು.

ಹೊಗಳಿಕೆಗೆ ಉಬ್ಬಿಹೋದೆ. "ಕೊಡಮ್ಮ, ನಾನೇ ಕಣ್ಣಾರೆ ನೋಡಿವ್ನಿ. ಬ್ಯಾರೆ ಏನೂ ಬೆರಸ್ಬ್ಯಾಡ" ಎಂದು ಹೊಸ ಡಬ್ಬಿಯನ್ನು ಅವಳ ಮಡಿಲಿಗೆ ಹಾಕಿದೆ.

ಎರಡನೇ ಸಂತೆಗೆ ಅವಳು ಬಂದಾಗ ಮುಖ ಬಾಡಿತ್ತು.

"ನೀನೇಳ್ದಂಗೇ ಕೊಟ್ಟೆ ಕಣವ್ವ. ಒಂದಿಷ್ಟು ಕಡ್ದು ಬುಟ್ಬುಡ್ತು. ಅಸ್ಕಂಡ್ರೆ ತಿಂತದೆ ಅಂತ ಕಾದೆ. ಆಲು ಬತ್ತೋಯ್ತು. ಎರಡು ಮರಿ ಸತ್ತೋದೊ."

ಒಳಗಿದ್ದ ಅವ್ವ ಈಚೆಗೆ ಬಂದಳು. "ಅಯ್ಯೋ, ಒಣಗಿರೋದನ್ನೇ ಆಕ್ಬುಟ್ಯಾ? ಕಲ್ಲಿದ್ದಂಗದೆ, ಯಾವ ನಾಯಿ ತಿಂತದೆ? ನಾನು ದಿನಾ ಮೂಳೆ ಸಾರಲ್ಲಿ ನೆನಾಕಿ, ಮೇಲೊಂದು ಲೋಟ ಆಲು ಬುಟ್ಟು ಕೊಡ್ತಿದ್ದೆ."

ಡಬ್ಬಿಯನ್ನು ಅನುಮಾನಿಸಿದ್ದೆ, ಮಾರಿದವನನ್ನು ಅನುಮಾನಿಸಿದ್ದೆ, ಹೆತ್ತ ಅಪ್ಪನನ್ನೂ ಬಿಟ್ಟಿರಲಿಲ್ಲ. ಆದರೆ ಒಂದು ದಿನವಾದರೂ ಹಿತ್ತಲಿಗೆ ಹೋಗಿ ನಾಯಿಯ ತಟ್ಟೆಯಲ್ಲಿ ಏನಿದೆ ಎಂದು ನೋಡಿರಲಿಲ್ಲ. ಅವ್ವನನ್ನು ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಬಂಡೂರಿನವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇನ್ನೊಂದು ಮರಿ ಉಸುರಾಡ್ತಾ ಅದೆ. ಅದುಕ್ಕೇನು ಕೊಡ್ಲಿ?" ಎಂದಳು.

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದಳು.