ಗುಡಾಣದೊಳಗಿನ ಓದು

ನಾನು ಚಿಕ್ಕವಳಿದ್ದಾಗ, ಅಂದರೆ ನಿಮ್ಮಷ್ಟೇ ಎತ್ತರವಿದ್ದು ನಿಮ್ಮ ಅರ್ಧದಷ್ಟೂ ಧೈರ್ಯವಿಲ್ಲದಿದ್ದಾಗ, ನನಗೆ ಒಬ್ಬಳೇ ಓದಲು ಬರುತ್ತಿರಲಿಲ್ಲ. ಬಿಂಡಿಗನವಿಲೆ ಹತ್ತಿರದ ನಮ್ಮೂರ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕಿರುಚಿಕೊಂಡು ಓದುತ್ತಿದ್ದೆವು. ಓದುವಾಗ ಅಕ್ಷರದ ಕೆಳಗೆ ಸರಿಸಲು ಮೇಷ್ಟ್ರು ಒಂದೊಂದು ತೆಂಗಿನಗರಿ ಕಡ್ಡಿ ಕೊಟ್ಟಿದ್ದರು. ನನ್ನ ಕಡ್ಡಿ ಸರಿಯಾಗಿಯೇ ಸರಿಯುತ್ತಿತ್ತು, ಬಾಯಿ ಮಾತ್ರ ಪಕ್ಕದವರ ಬಾಯಿಯ ಹಿಂದೆ ಓಡುತ್ತಿತ್ತು. ಒಬ್ಬಳನ್ನೇ ಎಬ್ಬಿಸಿ ನಿಲ್ಲಿಸಿದರೆ ಗಂಟಲು ಕಟ್ಟುತ್ತಿತ್ತು. ಎಲ್ಲರೂ ನಗುತ್ತಿದ್ದರು.

ಒಂದು ಬೆಳಿಗ್ಗೆ ಮೇಷ್ಟ್ರು ಮನೆಗೇ ಬಂದು ಅಪ್ಪನಿಗೆ ದೂರು ಹೇಳಿದರು. “ನಾಳೆ ಒಂದ್ ಪಾಠ ಒಬ್ಳೇ ಓದ್ಲಿ ಮೇಷ್ಟ್ರೇ. ಆಗ್ದಿದ್ರೆ ಕುರಿ ಕಾಯ್ಕೊಂಡಿರ್ಲಿ ಬುಡಿ” ಅಂದುಬಿಟ್ಟ ಅಪ್ಪ. ಕುರಿಗಳೆಂದರೆ ನನಗೆ ಇಷ್ಟವೇ. ಆದರೆ ಶಾಲೆ ಬಿಡಲು ಮನಸ್ಸಿರಲಿಲ್ಲ.

ಮಟಮಟ ಮಧ್ಯಾಹ್ನ ಪುಸ್ತಕ ಹಿಡಿದು ಒಳಕೋಣೆಯ ಕಡೆ ಹೊರಟೆ. ಅಜ್ಜಿ ತೀರಿಕೊಂಡ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. “ಓಗ್ಬ್ಯಾಡ ಕಣೇ, ಅಜ್ಜಿ ಗುಡಾಣದ್ ತಾವ ಯಾರೋ ಗೊಣಗ್ತಾರಂತೆ” ಎಂದಳು ಅಕ್ಕ. ನನಗೂ ಪುಕಪುಕ ಅನ್ನುತ್ತಿತ್ತು. ಆದರೆ ನಗುವವರಿಲ್ಲದ ಜಾಗ ಅದೊಂದೇ.

ಗುಡಾಣವೆಂದರೆ ರಾಗಿ ತುಂಬಿಡುವ ದೊಡ್ಡ ಮಣ್ಣಿನ ಮಡಕೆ, ನನ್ನ ಎದೆಯುದ್ದ. ಅಜ್ಜಿ ಅದರೊಳಗೆ ತಲೆ ತೂರಿಸಿ ರಾಗಿ ತೋಡುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಆಗ ಅವಳ ದನಿ ನೆಲದಡಿಯಿಂದ ಬಂದಂತೆ ದಪ್ಪಗೆ ಕೇಳುತ್ತಿತ್ತು. ಈಗ ಅದು ಬರಿದು. ಒಳಗಿನಿಂದ ಹಳೇ ರಾಗಿಯ, ಬೂದಿಯ, ಅಜ್ಜಿಯ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ಗುಡಾಣದ ಬಾಯಿಯ ಮೇಲೆ ಮಾತ್ರ ಬಿದ್ದಿತ್ತು. ಅಲ್ಲಿಯೇ ಪುಸ್ತಕ ಒರಗಿಸಿ, ಬಗ್ಗಿ, ಮೊದಲ ಸಾಲು ಓದಿದೆ.

ಅದೇ ಸಾಲು ಒಳಗಿನಿಂದ ಬಂತು. ದನಿ ನನ್ನದಲ್ಲ, ಅಜ್ಜಿಯದು.

ಓಡಬೇಕೆಂದರೆ ಕಾಲೇ ಏಳಲಿಲ್ಲ. ಬೇರೆ ದಾರಿ ಕಾಣದೆ ಇನ್ನೊಂದು ಸಾಲು ಓದಿದೆ. ನಾನು ತಪ್ಪಿದರೆ ಅವಳೂ ತಪ್ಪುತ್ತಿದ್ದಳು, ಆಗ ತಪ್ಪು ನನ್ನ ಕಿವಿಗೇ ಚುಚ್ಚುತ್ತಿತ್ತು. ತಿದ್ದಿಕೊಂಡರೆ ಅವಳೂ ತಿದ್ದಿಕೊಳ್ಳುತ್ತಿದ್ದಳು. ಒಂದು ಕಡೆ ‘ಬೆಳ್ಳ’ ಎಂದು ಮುಂದೆ ತೋಚದೆ ನಿಂತೆ. ಒಳಗಿನಿಂದ ‘ಬೆಳ್ಳಕ್ಕಿ’ ಎಂದು ಪೂರ್ತಿ ಬಂತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಬಾಯಿ ಆಡಿದ್ದಂತೂ ನನಗೆ ಗೊತ್ತಿಲ್ಲ.

ಹಿಂದೆ ಬಾಗಿಲು ಕಿರ್ ಎಂದಿತು. “ಅವ್ವಾ?”

ಹಗ್ಗ ಹುಡುಕಿಕೊಂಡು ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಅಪ್ಪ ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಗುಡಾಣದಿಂದ ತಲೆಯೆತ್ತಿದಾಗ ಹೊಸಿಲ ಮೇಲೆ ಹಾಗೇ ಕುಸಿದು ಕೂತ.

“ನಮ್ಮವ್ವಂಗೆ ಒಂದಕ್ಸರಾನೂ ಬರ್ತಿರ್ನಿಲ್ಲ ಕಣ್ ಮಗಾ. ಅವ್ಳೇ ಕುಂತ್ಕಂಡು ಓದ್ತಾವ್ಳೆ ಅನ್ನಂಗ್ ಕೇಳುಸ್ತು.” ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. “ಇನ್ನೊಂದ್ ಕಿತ ಓದು.”

ಪಾಠ ಮುಗಿಯುವವರೆಗೆ ಓದಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ನನಗೆ ಹೆದರಿಕೆಯೂ ಆಗುತ್ತಿತ್ತು, ಅಳುವೂ ಬರುತ್ತಿತ್ತು. ಮಾರನೆಯ ದಿನ ಮೇಷ್ಟ್ರ ಮುಂದೆ ಮೊದಲ ಸಾಲಿಗೆ ಗಂಟಲು ಕಟ್ಟಿತು, ಎರಡನೆಯದಕ್ಕೆ ಬಿಟ್ಟುಕೊಂಡಿತು. ಕುರಿ ಕಾಯುವ ಮಾತು ಮತ್ತೆ ಏಳಲಿಲ್ಲ.

ಈಗ ಶ್ರೀರಂಗಪಟ್ಟಣದ ನಿಮ್ಮ ಶಾಲೆಯಲ್ಲಿ ಓದುವಾಗ ಹಿಡಿದುಕೊಳ್ಳಲು ಮಿಸ್ಸು ಒಂದೊಂದು ಬಾಗಿದ ಪೈಪಿನ ತುಂಡು ಕೊಟ್ಟಿದ್ದಾರೆ. ಒಂದು ತುದಿ ಬಾಯಿಗೆ, ಇನ್ನೊಂದು ಕಿವಿಗೆ. ಪಿಸುಗುಟ್ಟಿದರೂ ನಿಮ್ಮ ಓದು ನಿಮಗೆ ಸ್ಪಷ್ಟ, ಪಕ್ಕದವರಿಗೆ ತೊಂದರೆಯಿಲ್ಲ. ಕತ್ತಲ ಕೋಣೆಗೆ ಹೋಗಿ ನಡುಗಬೇಕಾಗಿಲ್ಲ, ಒಳ್ಳೆಯದೇ ಆಯಿತು. ಆದರೆ ನನ್ನ ಕೈಯಲ್ಲಿ ಅವತ್ತು ಅಂಥ ಪೈಪಿದ್ದಿದ್ದರೆ, ಬಾಗಿಲಲ್ಲಿ ನಿಂತ ಅಪ್ಪನಿಗೆ ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಮಕ್ಕಳೇ, ಮನೆಯಲ್ಲಿ ಒಂದೊಂದು ಸಲ ಅದನ್ನು ಪಕ್ಕಕ್ಕಿಟ್ಟು ಗಟ್ಟಿಯಾಗಿ ಓದಿ. ನಾನು ಬಾಗಿಲ ಆಚೆಯೇ ಕೂತಿರುತ್ತೇನೆ.